ಸಾರ್ವಜನಿಕ ಸಂಪರ್ಕ ವೃತ್ತಿಯ ನೀತಿವಿವೇಚನೆ: ಲಡ್ಲೋ ಪ್ರಕರಣದ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಸಾರ್ವಜನಿಕ ಸಂಪರ್ಕ ವೃತ್ತಿಯ ಚರಿತ್ರೆಯನ್ನು ನಿರೂಪಿಸುವ ಪಠ್ಯಗಳು ಸಾಮಾನ್ಯವಾಗಿ 1906ನೆಯ ಇಸವಿಗೆ ವಿಶೇಷ ಮಹತ್ತ್ವ ನೀಡುತ್ತವೆ. ಆ ವರ್ಷ ಅಮೆರಿಕದ ಐವಿ ಲೆಡ್‌ಬೆಟರ್ ಲೀ ಎಂಬ ಮಾಜಿ ಪತ್ರಕರ್ತರು ಪತ್ರಿಕಾ ಸಂಪಾದಕರಿಗೆ ಕಳುಹಿಸಿದ ‘ತತ್ತ್ವಗಳ ಘೋಷಣೆ’ಯು ಈ ವೃತ್ತಿಯ ಮೊದಲ ನೀತಿಪತ್ರವೆಂದು ಪರಿಗಣಿತವಾಗಿದೆ. ವೃತ್ತಿಗೆ ಹೊಸದಾಗಿ ಬರುವ ವಿದ್ಯಾರ್ಥಿಗೆ ಲೀ ಅವರನ್ನು ಈ ಕ್ಷೇತ್ರದ ಪಿತಾಮಹರಲ್ಲಿ ಒಬ್ಬರೆಂದು ಪರಿಚಯಿಸಿ, ಘೋಷಣೆಯ ಸಾರಾಂಶವನ್ನು ಹೇಳಿ, ಪಾಠವನ್ನು ಮುಂದಕ್ಕೆ ಒಯ್ಯುವುದು ವಾಡಿಕೆ. ಅದೇ ಲೀ ಎಂಟು ವರ್ಷಗಳ ಅನಂತರ ಕೊಲರಾಡೊದ ಗಣಿಮುಷ್ಕರದ ಸಂದರ್ಭದಲ್ಲಿ ಬರೆದು ಹಂಚಿದ ಕರಪತ್ರಗಳ ವೃತ್ತಾಂತವು ಬಹುಮಟ್ಟಿಗೆ ಒಂದು ಸಾಲಿನ ಪ್ರಸ್ತಾಪವಾಗಿಯೇ ಉಳಿಯುತ್ತದೆ. ಹೊಸಬರಿಗೆ ನೀತಿಯ ದೃಷ್ಟಿಯಿಂದ ಹೆಚ್ಚು ಉಪಯುಕ್ತವಾದುದು ಈ ಎರಡನೆಯ ವೃತ್ತಾಂತವೇ ಎಂಬುದು ಪ್ರಸ್ತುತ ಲೇಖನದ ನಿಲುವು. ಮುಂದೆ ಅರ್ಧ ಶತಮಾನದ ಅವಧಿಯಲ್ಲಿ ರೂಪುಗೊಂಡ ನೀತಿಸಂಹಿತೆಗಳನ್ನು ಲಡ್ಲೋ ಪ್ರಕರಣದ ಬೆಳಕಿನಲ್ಲಿ ಓದಿದಾಗ ಮಾತ್ರ ಅವುಗಳ ಕೆಲವು ಕಲಮುಗಳ ನಿಜವಾದ ಅರ್ಥ ಹೊಳೆಯುತ್ತದೆ.

ಮೊದಲಿಗೆ ಘೋಷಣೆಯ ಸಂದರ್ಭವನ್ನು ಗಮನಿಸಬೇಕು. ಲೀ 1877ರಲ್ಲಿ ಜಾರ್ಜಿಯಾ ಪ್ರಾಂತ್ಯದಲ್ಲಿ ಜನಿಸಿ, ಪ್ರಿನ್ಸ್‌ಟನ್‌ನಲ್ಲಿ ಶಿಕ್ಷಣ ಪಡೆದು, ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರರಾಗಿ ದುಡಿದವರು. ಪತ್ರಿಕಾವೃತ್ತಿಯನ್ನು ತೊರೆದ ಮೇಲೆ ಜಾರ್ಜ್ ಪಾರ್ಕರ್ ಅವರೊಡನೆ ಪ್ರಚಾರ ಕಚೇರಿಯೊಂದನ್ನು ತೆರೆದರು. 1902ರ ಕಲ್ಲಿದ್ದಲು ಮುಷ್ಕರದಲ್ಲಿ ಗಣಿ ಮಾಲೀಕರು ಪತ್ರಿಕೆಗಳಿಗೆ ಮುಖಕೊಡದೆ ಕುಳಿತಿದ್ದರು. ಕಾರ್ಮಿಕರ ನಾಯಕ ಜಾನ್ ಮಿಚೆಲ್ ವರದಿಗಾರರೊಡನೆ ಮುಕ್ತವಾಗಿ ಮಾತನಾಡಿದರು. ಸಾರ್ವಜನಿಕ ಅಭಿಪ್ರಾಯ ಯಾರ ಕಡೆಗೆ ವಾಲಿತೆಂಬುದನ್ನು ಹೇಳಬೇಕಿಲ್ಲ. 1906ರಲ್ಲಿ ಮತ್ತೆ ಮುಷ್ಕರದ ಸೂಚನೆ ಕಂಡಾಗ ಅದೇ ಮಾಲೀಕರು ಲೀ ಅವರ ನೆರವನ್ನು ಪಡೆದರು. ಘೋಷಣೆ ಹೊರಟಿದ್ದು ಆಗ.

ಅದರಲ್ಲಿನ ಮುಖ್ಯ ಅಂಶಗಳು ಇವು: ತಮ್ಮದು ಗುಪ್ತವಾಗಿ ನಡೆಯುವ ಕಚೇರಿಯಲ್ಲ, ಎಲ್ಲ ಕೆಲಸವೂ ಬಹಿರಂಗವಾಗಿಯೇ ನಡೆಯುತ್ತದೆ, ತಾವು ಕಳುಹಿಸುವುದು ಜಾಹೀರಾತಲ್ಲ, ಹಾಗೆಂದು ಸಂಪಾದಕರಿಗೆ ತೋರಿದರೆ ಅದನ್ನು ಬಳಸಬೇಕಾಗಿಲ್ಲ, ಯಾರ ಪರವಾಗಿ ಕಳುಹಿಸಲಾಗಿದೆಯೆಂದು ಕೇಳಿದರೆ ತಿಳಿಸಲಾಗುವುದು, ತಮ್ಮ ಮಾಹಿತಿ ನಿಖರವಾದುದು, ಅದರಲ್ಲಿನ ಯಾವುದೇ ಹೇಳಿಕೆಯನ್ನು ನೇರವಾಗಿ ಪರಿಶೀಲಿಸಬಯಸುವ ಸಂಪಾದಕರಿಗೆ ಸಂತೋಷದಿಂದ ನೆರವಾಗಲಾಗುವುದು. ಹಣ ಕೊಟ್ಟು ಸುದ್ದಿ ಹಾಕಿಸುವುದೂ, ಸುದ್ದಿಯನ್ನು ಅದುಮಿಡುವುದೂ ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ನಿಸ್ಸಂದೇಹವಾಗಿ ದೊಡ್ಡ ಹೆಜ್ಜೆ. ಆದರೆ ಕಡೆಯ ಅಂಶವನ್ನು ಮತ್ತೊಮ್ಮೆ ಓದಬೇಕು. ಮಾಹಿತಿ ನಿಖರವೆಂಬ ಭರವಸೆ ಅಲ್ಲಿದೆ. ಅದನ್ನು ಪರಿಶೀಲಿಸುವ ಹೊಣೆ ಮಾತ್ರ ಸಂಪಾದಕನ ಮೇಲೆ ಬಿದ್ದಿದೆ. ಬರೆಯುವವನು ತನಗೆ ಒದಗಿಸಲಾದ ಸಂಗತಿಯನ್ನು ಸ್ವತಃ ಒರೆಗೆ ಹಚ್ಚಬೇಕೆ ಎಂಬ ಪ್ರಶ್ನೆಯನ್ನು ಘೋಷಣೆ ಎತ್ತುವುದೇ ಇಲ್ಲ. ಈ ಮೌನವು ಆಕಸ್ಮಿಕವೆಂದು ತೋರುವುದಿಲ್ಲ. ಲೀ ತಮ್ಮ ಕೆಲಸವನ್ನು ವಕೀಲವೃತ್ತಿಗೆ ಹೋಲಿಸಿಕೊಂಡವರು. ಕಕ್ಷಿದಾರನು ಹೇಳಿದ್ದನ್ನು ಸಮರ್ಥವಾಗಿ ಮಂಡಿಸುವುದು ವಕೀಲನ ಕೆಲಸ. ಸತ್ಯಾಸತ್ಯಗಳ ನಿರ್ಣಯಕ್ಕೆ ನ್ಯಾಯಾಧೀಶರಿದ್ದಾರೆ, ಎದುರು ವಕೀಲರಿದ್ದಾರೆ. ಪತ್ರಿಕಾಪ್ರಕಟಣೆಯ ಎದುರಿಗೆ ಅಂಥ ಯಾವ ವ್ಯವಸ್ಥೆಯೂ ಇರುವುದಿಲ್ಲವೆಂಬುದು ಈ ಹೋಲಿಕೆಯ ದೊಡ್ಡ ಕೊರತೆ.

ಈ ಕೊರತೆ ಬಯಲಾದದ್ದು ಲಡ್ಲೋದಲ್ಲಿ. ದಕ್ಷಿಣ ಕೊಲರಾಡೊದ ಕಲ್ಲಿದ್ದಲು ಗಣಿಗಳ ಕಾರ್ಮಿಕರು 1913ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಅವರಲ್ಲಿ ಗ್ರೀಕರು, ಇಟಾಲಿಯನರು, ಸ್ಲಾವ್ ಜನರು, ಮೆಕ್ಸಿಕನರು ಮುಂತಾಗಿ ವಲಸೆ ಬಂದವರೇ ಹೆಚ್ಚು. ಕಂಪನಿಯ ಮನೆಗಳಿಂದ ಹೊರಹಾಕಲ್ಪಟ್ಟ ಅವರು ಸಂಸಾರಸಮೇತರಾಗಿ ಡೇರೆಗಳಲ್ಲಿ ಚಳಿಗಾಲವನ್ನು ಕಳೆದರು. 1914ರ ಏಪ್ರಿಲ್ 20ರಂದು ಪ್ರಾಂತ್ಯದ ನ್ಯಾಷನಲ್ ಗಾರ್ಡ್ ಪಡೆಯವರಿಗೂ ಮುಷ್ಕರನಿರತರಿಗೂ ಗುಂಡಿನ ಕಾಳಗ ನಡೆದು, ಲಡ್ಲೋದ ಡೇರೆಗಳು ಬೆಂಕಿಗೆ ಆಹುತಿಯಾದವು. ಗುಂಡಿನಿಂದ ಪಾರಾಗಲೆಂದು ಡೇರೆಯೊಂದರ ಕೆಳಗೆ ತೋಡಿದ್ದ ಹಳ್ಳದಲ್ಲಿ ಅಡಗಿದ್ದ ಇಬ್ಬರು ಹೆಂಗಸರು ಮತ್ತು ಹನ್ನೊಂದು ಮಕ್ಕಳು ಉಸಿರುಕಟ್ಟಿ ಸತ್ತರು. ಆ ದಿನ ಒಟ್ಟು ಸತ್ತವರು ಸುಮಾರು 20 ಮಂದಿ. ಆ ಪ್ರದೇಶದ ಅತಿ ದೊಡ್ಡ ಸಂಸ್ಥೆಯಾದ ಕೊಲರಾಡೊ ಫ್ಯೂಯೆಲ್ ಅಂಡ್ ಐರನ್ ಕಂಪನಿಯಲ್ಲಿ ರಾಕ್‌ಫೆಲರ್ ಮನೆತನದ ಹಿಡಿತವಿದ್ದುದರಿಂದ ದೇಶದ ಆಕ್ರೋಶವೆಲ್ಲ ಕಿರಿಯ ಜಾನ್ ರಾಕ್‌ಫೆಲರ್ ಅವರತ್ತ ತಿರುಗಿತು.

ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಉದ್ಯೋಗದಲ್ಲಿದ್ದ ಲೀ ಅವರನ್ನು ರಾಕ್‌ಫೆಲರ್ ತಿಂಗಳಿಗೆ 1,000 ಡಾಲರುಗಳ ಸಂಭಾವನೆಯ ಮೇಲೆ ಈ ಕಾರ್ಯಕ್ಕೆ ನಿಯೋಜಿಸಿಕೊಂಡರು. ಕೊಲರಾಡೊದ ಹೋರಾಟದ ಬಗೆಗಿನ ‘ಸತ್ಯಸಂಗತಿಗಳು’ ಎಂಬ ಅರ್ಥದ ಶೀರ್ಷಿಕೆ ಹೊತ್ತ ಕರಪತ್ರಗಳ ಮಾಲೆಯೊಂದು 1914ರ ಬೇಸಗೆಯಿಂದ ದೇಶದಾದ್ಯಂತ ಸಂಪಾದಕರು, ಶಾಸಕರು, ಪಾದ್ರಿಗಳು, ಶಿಕ್ಷಕರು ಮೊದಲಾದ ಅಭಿಪ್ರಾಯ ರೂಪಿಸುವ ವರ್ಗದ ಕೈಸೇರತೊಡಗಿತು. ಮಾಲೆ ಹೊರಟದ್ದು ಗಣಿ ವ್ಯವಸ್ಥಾಪಕರ ಸಮಿತಿಯ ಹೆಸರಿನಲ್ಲಿ. ಸಿದ್ಧವಾಗುತ್ತಿದ್ದುದು ಅಲ್ಲಿಂದ ಬಹುದೂರದ ಫಿಲಡೆಲ್ಫಿಯಾದಲ್ಲಿ. ಲೀ ಅವರ ಹೆಸರು ಎಲ್ಲಿಯೂ ಇರಲಿಲ್ಲ. ಎಲ್ಲ ಕೆಲಸವೂ ಬಹಿರಂಗವಾಗಿ ನಡೆಯುತ್ತದೆಯೆಂಬ 1906ರ ಮಾತು ಹೀಗೆ ಅದನ್ನು ಬರೆದವರಿಂದಲೇ ಬದಿಗೆ ಸರಿದಿತ್ತು.

ಆದರೆ ಮರೆಮಾಚಿದ ಹೆಸರಿಗಿಂತ ಗಂಭೀರವಾದುದು ಕರಪತ್ರಗಳ ಒಳಗಿನ ವಿಷಯ. ಕಾರ್ಮಿಕ ಸಂಘದ ಮುಖಂಡರ ಸಂಪಾದನೆಯ ಬಗೆಗೆ ಅಂಕಿಗಳನ್ನು ಕೊಡುವಾಗ, ವರ್ಷವೊಂದರಲ್ಲಿ ಅವರು ಪಡೆದಿದ್ದ ವೇತನ ಮತ್ತು ವೆಚ್ಚಗಳ ಮೊತ್ತವನ್ನು ಕೇವಲ ಒಂಬತ್ತು ವಾರಗಳ ಗಳಿಕೆಯೆಂಬಂತೆ ತೋರಿಸಲಾಗಿತ್ತು. ಹಸಿದ ಕಾರ್ಮಿಕರ ಹೆಸರಿನಲ್ಲಿ ಮುಖಂಡರು ಹಣ ಬಾಚುತ್ತಿದ್ದಾರೆಂಬ ಭಾವನೆ ಮೂಡಿಸಲು ಆ ಒಂದು ಅಂಕಿ ಸಾಕಾಗಿತ್ತು. ತಿದ್ದುಪಡಿ ಬಂದದ್ದು ತಡವಾಗಿ. ಕಾರ್ಮಿಕ ಹೋರಾಟದ ವೃದ್ಧ ನಾಯಕಿ ಮದರ್ ಜೋನ್ಸ್ ಅವರ ಚಾರಿತ್ರ್ಯದ ಬಗೆಗಿನ ಹಳೆಯ ಆಪಾದನೆಯೊಂದೂ ಮಾಲೆಯಲ್ಲಿ ಮರುಮುದ್ರಣಗೊಂಡಿತು.

ಅಧ್ಯಕ್ಷ ಫ್ರಾಂಕ್ ವಾಲ್ಷ್ ಅವರ ನೇತೃತ್ವದ ಕೈಗಾರಿಕಾ ಸಂಬಂಧಗಳ ಆಯೋಗವು 1915ರಲ್ಲಿ ಲೀ ಅವರನ್ನು ಸಾಕ್ಷಿಯಾಗಿ ಕರೆಯಿತು. ಗಣಿ ಮಾಲೀಕರು ಒದಗಿಸಿದ ಸಂಗತಿಗಳು ಸರಿಯೇ ಎಂದು ಖಚಿತಪಡಿಸಿಕೊಳ್ಳಲು ತಾವು ವೈಯಕ್ತಿಕವಾಗಿ ಏನು ಪ್ರಯತ್ನ ಮಾಡಿದಿರೆಂದು ವಾಲ್ಷ್ ಕೇಳಿದರು. ಯಾವ ಪ್ರಯತ್ನವನ್ನೂ ಮಾಡಲಿಲ್ಲವೆಂಬುದು ಲೀ ಅವರ ಉತ್ತರವಾಗಿತ್ತು. ಈ ವೃತ್ತಿಯ ಚರಿತ್ರೆಯಲ್ಲಿ ಇಷ್ಟು ಚಿಕ್ಕದಾದ, ಇಷ್ಟು ನೇರವಾದ ಸಾಕ್ಷ್ಯ ಮತ್ತೊಂದು ಇರಲಾರದು. ಅದರಲ್ಲಿ ಸುಳ್ಳಿಲ್ಲ, ತಪ್ಪಿಸಿಕೊಳ್ಳುವ ಯತ್ನವೂ ಇಲ್ಲ. ತಾನು ಮಾಡಬೇಕಾದ್ದನ್ನು ಮಾಡಲಿಲ್ಲವೆಂಬ ಅಳುಕೂ ಅಲ್ಲಿ ಕಾಣುವುದಿಲ್ಲ. ಪರಿಶೀಲನೆ ತನ್ನ ಕೆಲಸದ ಭಾಗವೇ ಅಲ್ಲವೆಂದು ನಂಬಿದವನ ಉತ್ತರವದು. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಅದೇ ವರ್ಷ ಲೀ ಅವರನ್ನು ಕೂಲಿಯ ಸುಳ್ಳುಗಾರನೆಂಬ ಅರ್ಥದ ಮಾತಿನಿಂದ ಜರೆದರು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವರಿಗೆ ‘ಪಾಯ್ಸನ್ ಐವಿ’ ಎಂಬ ಹೆಸರನ್ನಿಟ್ಟರು. ಐವಿ ಎಂಬುದು ಬಳ್ಳಿಯ ಹೆಸರೂ ಆಗಿರುವುದರಿಂದ, ಮುಟ್ಟಿದರೆ ಮೈ ಉರಿಯುವ ಆ ಕಾಡುಬಳ್ಳಿಯ ಹೆಸರು ಅವರಿಗೆ ಕೊನೆಯವರೆಗೂ ಅಂಟಿಕೊಂಡಿತು. ಈ ಲೇಖಕನ ದೃಷ್ಟಿಯಲ್ಲಿ ಸ್ಯಾಂಡ್‌ಬರ್ಗ್ ಅವರ ಆರೋಪ ಗುರಿ ತಪ್ಪಿದೆ. ಲೀ ಬೇಕೆಂದೇ ಸುಳ್ಳನ್ನು ಸೃಷ್ಟಿಸಿದರೆಂದು ಹೇಳಲು ಈ ಸಾಕ್ಷ್ಯ ಸಾಲದು. ಬೇರೊಬ್ಬರು ಕೈಗಿತ್ತದ್ದನ್ನು ಕೇಳದೆ ಸ್ವೀಕರಿಸಿ, ಅದಕ್ಕೆ ತಮ್ಮ ಭಾಷಾಸಾಮರ್ಥ್ಯವನ್ನು ಧಾರೆಯೆರೆದರೆಂಬುದು ಅದರಿಂದ ಸಿದ್ಧವಾಗುವ ಸಂಗತಿ. ಸುಳ್ಳು ಹೇಳೆಂದು ಹೊಸಬನಿಗೆ ನೇರವಾಗಿ ಹೇಳುವ ಮೇಲಧಿಕಾರಿಗಳು ಅಪರೂಪ. ಟಿಪ್ಪಣಿಯೊಂದನ್ನು ಕೈಗಿತ್ತು, ಇದನ್ನು ಸಂಜೆಯೊಳಗೆ ಪ್ರಕಟಣೆಯಾಗಿಸಿ ಎನ್ನುವವರೇ ಎಲ್ಲೆಲ್ಲಿಯೂ ಇರುವವರು.

ಲೀ ಅವರಿಗೆ ನ್ಯಾಯ ಸಲ್ಲಿಸುವ ದೃಷ್ಟಿಯಿಂದ ಇನ್ನೊಂದು ಮಾತನ್ನು ಹೇಳಬೇಕು. ಕೊಲರಾಡೊಕ್ಕೆ ಸ್ವತಃ ಹೋಗಿ ಕಾರ್ಮಿಕರನ್ನು ಕಂಡು ಮಾತನಾಡುವಂತೆ ರಾಕ್‌ಫೆಲರ್ ಅವರನ್ನು ಪ್ರೇರೇಪಿಸಿದವರಲ್ಲಿ ಅವರೂ ಒಬ್ಬರು. 1915ರ ಸೆಪ್ಟೆಂಬರಿನ ಆ ಭೇಟಿಯೂ, ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಝಿ ಕಿಂಗ್ ಅವರು ರೂಪಿಸಿದ ಕಾರ್ಮಿಕ ಪ್ರಾತಿನಿಧ್ಯದ ಯೋಜನೆಯೂ ಪರಿಸ್ಥಿತಿಯನ್ನು ಒಂದಿಷ್ಟು ತಿಳಿಗೊಳಿಸಿದವು. ಆದರೆ ಸತ್ಯದ ಬಗೆಗಿನ ಲೀ ಅವರ ನಿಲುವು ಬದಲಾಗಲಿಲ್ಲ. 1925ರಲ್ಲಿ ಪ್ರಕಟವಾದ ಪ್ರಚಾರಕಾರ್ಯದ ಬಗೆಗಿನ ಕಿರುಹೊತ್ತಿಗೆಯಲ್ಲಿ, ಪರಿಪೂರ್ಣ ಸತ್ಯಸಂಗತಿಯನ್ನು ಹೇಳುವುದು ಮನುಷ್ಯಮಾತ್ರರಿಗೆ ಅಸಾಧ್ಯವೆಂದೂ, ಸಂಗತಿಗಳಿಗೆ ತಮ್ಮ ವ್ಯಾಖ್ಯಾನವನ್ನಷ್ಟೇ ತಾವು ಕೊಡಬಲ್ಲಿರೆಂದೂ ಅವರು ವಾದಿಸಿದರು. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದು ಚರ್ಚಾರ್ಹ. ಆದರೆ ಒಂಬತ್ತು ವಾರವೋ ಒಂದು ವರ್ಷವೋ ಎಂಬುದು ವ್ಯಾಖ್ಯಾನದ ವಿಷಯವಲ್ಲ. ಲೆಕ್ಕದ ಪುಸ್ತಕ ತೆರೆದರೆ ತಿಳಿಯುವ ವಿಷಯ. 1934ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಗೆ ಲೀ ಸಲಹೆಗಾರರಾಗಿದ್ದುದನ್ನು ವಿಚಾರಣೆಗೆ ಒಳಪಡಿಸಿತು. ವರ್ಷಕ್ಕೆ 25,000 ಡಾಲರುಗಳ ಆ ಒಪ್ಪಂದ ಪತ್ರಿಕೆಗಳಲ್ಲಿ ಬಯಲಾದ ಕೆಲವೇ ತಿಂಗಳುಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಅವರು ತೀರಿಕೊಂಡರು. ಆ ಸಮಿತಿಯ ಶಿಫಾರಸುಗಳ ಹಿನ್ನೆಲೆಯಲ್ಲಿ 1938ರಲ್ಲಿ ವಿದೇಶಿ ಪ್ರತಿನಿಧಿಗಳ ನೋಂದಣಿ ಕಾಯ್ದೆ ಜಾರಿಗೆ ಬಂದಿತು.

ಇಲ್ಲಿ ಎಡ್ವರ್ಡ್ ಬರ್ನೇಸ್ ಅವರ ಒಂದು ಪ್ರಸಂಗವನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ತರುಣಿಯರು ಸಿಗರೇಟು ಸೇದುತ್ತ ನಡೆದ ಮೆರವಣಿಗೆ ಸ್ತ್ರೀ ಸ್ವಾತಂತ್ರ್ಯದ ಸ್ವಯಂಪ್ರೇರಿತ ಪ್ರದರ್ಶನವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅದರ ಹಿಂದೆ ಇದ್ದುದು ಅಮೆರಿಕನ್ ಟೊಬ್ಯಾಕೊ ಕಂಪನಿಯ ಹಣ ಮತ್ತು ಬರ್ನೇಸ್ ಅವರ ಯೋಜನೆ. ಪ್ರಕರಣವನ್ನು ಪಾಠವಾಗಿ ಹೇಳುವವರು ಸಾಮಾನ್ಯವಾಗಿ ಬರ್ನೇಸ್ ಅವರ ಚಾಣಾಕ್ಷತೆಯನ್ನು ಚರ್ಚಿಸುತ್ತಾರೆ. ಆದರೆ ಅಂದು ವರದಿಗಾರರ ಎದುರು ನಿಂತು, ಈ ಆಲೋಚನೆ ತನಗೇ ಹೊಳೆದದ್ದೆಂದು ಹೇಳಿಕೆ ಕೊಟ್ಟವರು ಬರ್ನೇಸ್ ಅಲ್ಲ. ಅವರ ಕಚೇರಿಯ ಕಾರ್ಯದರ್ಶಿ. ಯೋಜನೆ ಒಬ್ಬರದು, ಬಾಯಿ ಇನ್ನೊಬ್ಬರದು. ಕೆಳಗಿನ ಹುದ್ದೆಯಲ್ಲಿರುವವರ ನೈತಿಕ ಸ್ಥಿತಿ ಯಾವುದೆಂಬ ಪ್ರಶ್ನೆಯನ್ನು ಚರಿತ್ರಕಾರರು ಹೆಚ್ಚಾಗಿ ಕೇಳಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ವೃತ್ತಿಸಂಘಗಳು ಸ್ಥಾಪನೆಯಾಗಿ ಲಿಖಿತ ಸಂಹಿತೆಗಳು ಬಂದವು. ಅಮೆರಿಕದ ಸಾರ್ವಜನಿಕ ಸಂಪರ್ಕ ಸಂಘವು 1947ರಲ್ಲಿ ಸ್ಥಾಪಿತವಾಗಿ 1950ರಲ್ಲಿ ತನ್ನ ಮೊದಲ ಸಂಹಿತೆಯನ್ನು ಅಂಗೀಕರಿಸಿತು. 1955ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ಸಂಘವು 1961ರಲ್ಲಿ ವೆನಿಸ್ ಸಂಹಿತೆಯನ್ನೂ, 1965ರ ಮೇ ತಿಂಗಳಿನಲ್ಲಿ ಅಥೆನ್ಸ್ ಸಂಹಿತೆಯನ್ನೂ ಅಂಗೀಕರಿಸಿತು. ಫ್ರಾನ್ಸಿನ ಲೂಸಿಯೆನ್ ಮಾತ್ರಾ ಅವರು ಸಿದ್ಧಪಡಿಸಿದ ಅಥೆನ್ಸ್ ಸಂಹಿತೆಯು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ತನ್ನ ಬುನಾದಿಯಾಗಿ ಇಟ್ಟುಕೊಂಡಿದೆ. ಅದರ ಕಡೆಯ ಭಾಗದಲ್ಲಿ ಸದಸ್ಯರು ಮಾಡಬಾರದ ಕೆಲಸಗಳನ್ನು ಹೇಳುವಾಗ, ಸತ್ಯವನ್ನು ಅನ್ಯ ಅಗತ್ಯಗಳಿಗೆ ಅಧೀನಗೊಳಿಸಬಾರದೆಂದೂ, ಸಿದ್ಧವಾದ ಮತ್ತು ಪರಿಶೀಲಿಸಿ ತಿಳಿಯಬಹುದಾದ ಸಂಗತಿಗಳನ್ನು ಆಧರಿಸದ ಮಾಹಿತಿಯನ್ನು ಹರಡಬಾರದೆಂದೂ ವಿಧಿಸಲಾಗಿದೆ. ಲೀ ಅವರ ಘೋಷಣೆಯೊಡನೆ ಇದನ್ನು ಹೋಲಿಸಿ ನೋಡಿದರೆ ಐವತ್ತೊಂಬತ್ತು ವರ್ಷಗಳಲ್ಲಿ ಆದ ಬದಲಾವಣೆ ಸ್ಪಷ್ಟವಾಗುತ್ತದೆ. ಪರಿಶೀಲನೆಯ ಹೊಣೆ ಸಂಪಾದಕನ ಮೇಜಿನಿಂದ ಬರೆಯುವವನ ಮೇಜಿಗೆ ಬಂದಿದೆ. ಲಡ್ಲೋದ ಹೆಸರು ಸಂಹಿತೆಯಲ್ಲಿಲ್ಲ. ಆದರೂ ವಾಲ್ಷ್ ಅವರ ಪ್ರಶ್ನೆಗೆ ವೃತ್ತಿಯು ಕೊಟ್ಟುಕೊಂಡ ತಡವಾದ ಉತ್ತರವಾಗಿ ಈ ಕಲಮನ್ನು ಓದಬಹುದಾಗಿದೆ.

ಅದೇ 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ರಾಲ್ಫ್ ಪಾಟರ್ ಅವರು ಅಣ್ವಸ್ತ್ರ ನೀತಿಯ ಬಗೆಗಿನ ತಮ್ಮ ಸಂಶೋಧನ ಪ್ರಬಂಧದಲ್ಲಿ ನೈತಿಕ ನಿರ್ಣಯದ ಒಂದು ಕ್ರಮವನ್ನು ಮಂಡಿಸಿದರು. ಈ ಎರಡೂ ಒಂದೇ ವರ್ಷದಲ್ಲಿ ಬಂದುದು ಕೇವಲ ಕಾಕತಾಳೀಯ. ಪಾಟರ್ ಅವರ ಕ್ರಮ ಮುಂದೆ ಮಾಧ್ಯಮ ಮತ್ತು ಸಾರ್ವಜನಿಕ ಸಂಪರ್ಕ ಶಿಕ್ಷಣದಲ್ಲಿ ‘ಪಾಟರ್ ಬಾಕ್ಸ್’ ಎಂಬ ಹೆಸರಿನಿಂದ ಬಳಕೆಗೆ ಬಂದಿತು. ಅದರ ನಾಲ್ಕು ಮನೆಗಳಲ್ಲಿ ಮೊದಲನೆಯದು ಸನ್ನಿವೇಶದ ಸಂಗತಿಗಳು. ಆಮೇಲೆ ಮೌಲ್ಯಗಳು, ತತ್ತ್ವಗಳು, ಕೊನೆಗೆ ನಿಷ್ಠೆಗಳು. ಹೊಸಬರಿಗೆ ಈ ಕ್ರಮವನ್ನು ಕಲಿಸುವಾಗ ಚರ್ಚೆಯೆಲ್ಲ ನಾಲ್ಕನೆಯ ಮನೆಗೆ ಹಾರುವುದುಂಟು. ನಿಷ್ಠೆ ಸಂಸ್ಥೆಗೋ ಸಮಾಜಕ್ಕೋ ಎಂಬ ಪ್ರಶ್ನೆ ರೋಚಕವಾದುದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗಂತೂ ಅದು ನಿಜವಾದ ಸಂಕಟ. ಆದರೆ ಲಡ್ಲೋ ಪ್ರಕರಣದಲ್ಲಿ ಲೀ ಎಡವಿದ್ದು ಮೊದಲನೆಯ ಮನೆಯಲ್ಲಿ. ಅಂಕಿಯನ್ನು ಪರಿಶೀಲಿಸಿ, ಅದು ತಪ್ಪೆಂದು ರಾಕ್‌ಫೆಲರ್ ಅವರಿಗೆ ತಿಳಿಸಿದ್ದರೆ ಅದು ನಿಷ್ಠೆಗೆ ವಿರುದ್ಧವಾಗುತ್ತಿರಲಿಲ್ಲ. ಕಕ್ಷಿದಾರನಿಗೆ ಅದರಿಂದ ಒಳಿತೇ ಆಗುತ್ತಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯು ಕಂಡದ್ದಕ್ಕೂ ಪ್ರಮಾಣ ಬೇಡುತ್ತದೆ. ಲೀ ಅವರದು ಕಂಡದ್ದೂ ಅಲ್ಲ, ಕೇಳಿದ್ದು.

ಸಂಹಿತೆ ಬಂದ ಮಾತ್ರಕ್ಕೆ ಇಂಥವು ನಿಂತವೆಂದೇನೂ ಅಲ್ಲ. 1990ರ ಅಕ್ಟೋಬರ್ 10ರಂದು ಅಮೆರಿಕದ ಸಂಸತ್ ಸದಸ್ಯರ ಮಾನವ ಹಕ್ಕುಗಳ ಕೂಟದ ಎದುರು ಕುವೈತಿನ ಹದಿನೈದು ವರ್ಷದ ಬಾಲಕಿಯೊಬ್ಬಳು, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರುಗಳಿಂದ ಶಿಶುಗಳನ್ನು ತೆಗೆದು ಸಾಯಲು ಬಿಟ್ಟುದನ್ನು ಕಂಡೆನೆಂದು ಕಣ್ಣೀರಿಡುತ್ತ ಹೇಳಿದಳು. ಕುವೈತ್ ಪರ ಸಂಘಟನೆಗಾಗಿ ಪ್ರಚಾರಕಾರ್ಯ ನಡೆಸುತ್ತಿದ್ದ ಹಿಲ್ ಅಂಡ್ ನೋಲ್ಟನ್ ಸಂಸ್ಥೆ ಆ ಸಾಕ್ಷ್ಯದ ಸಿದ್ಧತೆಯಲ್ಲಿ ನೆರವಾಗಿತ್ತು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳೆಂಬುದು ಸಾರ್ವಜನಿಕರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ, 1992ರ ಜನವರಿಯಲ್ಲಿ. ಅದಕ್ಕೂ ಮುನ್ನವೇ, 1991ರಲ್ಲಿ, ಇನ್‌ಕ್ಯುಬೇಟರ್ ಆರೋಪಕ್ಕೆ ವಿಶ್ವಾಸಾರ್ಹ ಆಧಾರ ದೊರೆಯಲಿಲ್ಲವೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತನ್ನ ಹಿಂದಿನ ಸಮರ್ಥನೆಯನ್ನು ಹಿಂತೆಗೆದುಕೊಂಡಿತ್ತು. ಮೂಲವನ್ನು ಮರೆಮಾಚುವುದು, ಸಂಗತಿಯನ್ನು ಒರೆಗೆ ಹಚ್ಚದಿರುವುದು ಎಂಬ 1914ರ ಎರಡೂ ದೋಷಗಳು ಇಲ್ಲಿ ಒಟ್ಟಾಗಿ ಮರುಕಳಿಸಿವೆ. ಇತ್ತ ಅಮೆರಿಕದ ಸಂಘವು 2000ದಲ್ಲಿ ತನ್ನ ಸಂಹಿತೆಯನ್ನು ಪರಿಷ್ಕರಿಸಿದಾಗ ಶಿಸ್ತುಕ್ರಮದ ಹಳೆಯ ವ್ಯವಸ್ಥೆಯನ್ನು ಬಹುಪಾಲು ಕೈಬಿಟ್ಟು, ಪ್ರೇರಣೆ ಮತ್ತು ಶಿಕ್ಷಣಕ್ಕೆ ಒತ್ತು ಕೊಟ್ಟಿತು. ಬ್ರಿಟನ್ನಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ದೊರೆಯುತ್ತದೆ: ದಕ್ಷಿಣ ಆಫ್ರಿಕದಲ್ಲಿ ಜನಾಂಗೀಯ ವೈಷಮ್ಯ ಕೆರಳಿಸುವಂಥ ಪ್ರಚಾರ ನಡೆಸಿದ ಕಾರಣಕ್ಕೆ ಬೆಲ್ ಪಾಟಿಂಜರ್ ಸಂಸ್ಥೆಯನ್ನು ಅಲ್ಲಿನ ವೃತ್ತಿಸಂಘ 2017ರ ಸೆಪ್ಟೆಂಬರಿನಲ್ಲಿ ಹೊರಹಾಕಿತು, ಅದೇ ತಿಂಗಳು ಆ ಸಂಸ್ಥೆ ದಿವಾಳಿಯ ಹಂತಕ್ಕೆ ಬಂದಿತು.

ಭಾರತದಲ್ಲಿ ಸಾರ್ವಜನಿಕ ಸಂಪರ್ಕ ಸಂಘವು 1958ರಲ್ಲಿ ಆರಂಭವಾಯಿತು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ಸೇರಿದ ಅಖಿಲ ಭಾರತ ಸಮ್ಮೇಳನದಲ್ಲಿ ಅಥೆನ್ಸ್ ಸಂಹಿತೆಯನ್ನೇ ನಮ್ಮ ವೃತ್ತಿನೀತಿಯಾಗಿ ಅಂಗೀಕರಿಸಲಾಯಿತು. ಮುಂದೆ ಆ ದಿನವೇ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಣೆಗೆ ಬಂದಿತು. ಹೀಗಾಗಿ ಮೇಲೆ ಹೇಳಿದ ಕಲಮು ಕರ್ನಾಟಕದಲ್ಲಿ ಈ ವೃತ್ತಿಯನ್ನು ಹಿಡಿಯುವವರಿಗೆ ಪರದೇಶದ ವಸ್ತುವಲ್ಲ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರ ನೇತೃತ್ವದಲ್ಲಿ ಪತ್ರಿಕೋದ್ಯಮ ಶಿಕ್ಷಣ ಆರಂಭವಾದಂದಿನಿಂದ ನಮ್ಮ ತರಗತಿಗಳಿಂದ ಹೊರಬಂದವರಲ್ಲಿ ಪತ್ರಿಕೆಗಳಿಗೆ ಹೋದವರಂತೆಯೇ ಸರ್ಕಾರ, ನಿಗಮ, ಬ್ಯಾಂಕು, ಖಾಸಗಿ ಸಂಸ್ಥೆಗಳ ಸಂಪರ್ಕಾಧಿಕಾರಿಗಳಾದವರೂ ಇದ್ದಾರೆ. ಜಿಲ್ಲಾಮಟ್ಟದ ಸಣ್ಣ ಪತ್ರಿಕೆಗಳ ಸ್ಥಿತಿಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಕಚೇರಿಯಿಂದ ಹೊರಟ ಪತ್ರಿಕಾಪ್ರಕಟಣೆ ಎಷ್ಟೋ ಸಲ ಒಂದು ಅಕ್ಷರವೂ ಬದಲಾಗದೆ ಮರುದಿನದ ಸುದ್ದಿಯಾಗುತ್ತದೆ. ಅಲ್ಲಿ ಪರಿಶೀಲಿಸಲು ಬೇರೆ ವರದಿಗಾರನಿಲ್ಲ, ಸಮಯವೂ ಇಲ್ಲ. ಲೀ ನೆರವಿನ ಭರವಸೆ ಕೊಟ್ಟಿದ್ದ ಆ ಸಂಪಾದಕನೇ ಇಲ್ಲದ ಕಡೆ ಪ್ರಕಟಣೆಯ ಕರಡು ಬರೆದವನೇ ವರದಿಗಾರ, ಅವನೇ ಸಂಪಾದಕ. ಫಲಾನುಭವಿಗಳ ಸಂಖ್ಯೆಯಾಗಲಿ, ಅಪಘಾತದಲ್ಲಿ ಗಾಯಗೊಂಡವರ ಸಂಖ್ಯೆಯಾಗಲಿ, ಅವನ ಕಡತದಲ್ಲಿ ಹೇಗಿದೆಯೋ ಹಾಗೆಯೇ ದಾಖಲೆಯಾಗಿ ಉಳಿಯುತ್ತದೆ. ಮುಂದಿನ ಸಂಶೋಧಕನು ಅದನ್ನೇ ಆಕರವಾಗಿ ಎತ್ತಿಕೊಳ್ಳುತ್ತಾನೆ.

2005ರ ಮಾಹಿತಿ ಹಕ್ಕು ಕಾಯ್ದೆಯ ಅನಂತರ ಸರ್ಕಾರಿ ಕಚೇರಿಯ ಅಂಕಿಯ ಮೂಲವನ್ನು ಹತ್ತು ರೂಪಾಯಿ ಶುಲ್ಕದ ಅರ್ಜಿಯಿಂದ ಯಾರು ಬೇಕಾದರೂ ಕೇಳಬಹುದಾಗಿದೆ. 1915ರಲ್ಲಿ ಅಂಥ ಪ್ರಶ್ನೆ ಕೇಳಲು ಒಂದು ರಾಷ್ಟ್ರೀಯ ಆಯೋಗವೇ ಬೇಕಾಗಿತ್ತು. ಆದರೆ ಈ ಕಾಯ್ದೆ ಇರುವುದು ಸಾರ್ವಜನಿಕ ಪ್ರಾಧಿಕಾರಗಳಿಗೆ. ಖಾಸಗಿ ಕಂಪನಿಗಳೂ, ಅವುಗಳ ಪರವಾಗಿ ದುಡಿಯುವ ಪ್ರಚಾರ ಸಂಸ್ಥೆಗಳೂ ನೇರವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಹೊಸ ಪದವೀಧರರಿಗೆ ಇಂದು ಹೆಚ್ಚು ಉದ್ಯೋಗಾವಕಾಶಗಳಿರುವುದು ಅಲ್ಲಿಯೇ.

ವಾಲ್ಷ್ ಆಯೋಗದ ವರದಿ ಮತ್ತು ಸಾಕ್ಷ್ಯಗಳು 1916ರಲ್ಲಿ ಹನ್ನೊಂದು ಸಂಪುಟಗಳಲ್ಲಿ ಅಚ್ಚಾಗಿವೆ. ಲೀ ಅವರ ಕಾಗದಪತ್ರಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಕನ್ನಡದಲ್ಲಿ ಈ ವಿಷಯದ ಪಠ್ಯಗಳನ್ನು ಸಿದ್ಧಪಡಿಸುವವರು 1906ರ ಘೋಷಣೆಯ ಅನುವಾದದ ಪಕ್ಕದಲ್ಲಿಯೇ ಲೀ ಅವರ ಸಾಕ್ಷ್ಯದ ಆ ಕೆಲವು ಪುಟಗಳನ್ನೂ ಅನುವಾದಿಸಿ ಕೊಡುವುದು ಅಪೇಕ್ಷಣೀಯ.